ಕಾರಿಗೆ ತಿಕ್ಕಾಟ ಕಡಿಮೆ ಇರಲಿ, ಮೇಣ ಹೆಚ್ಚಿರಲಿ

ಮಾನ್ಯ ಸಂಪಾದಕರೇ,

ಆಯುಧಪೂಜೆ ಹತ್ತಿರ ಬಂತು. ದಾವಣಗೆರೆಯ ಹಳೇ ಪಿ.ಬಿ. ರಸ್ತೆಯ ವಾಟರ್ ವಾಶ್ ಅಂಗಡಿಗಳ ಮುಂದೆ ಈಗಲೇ ಕಾರುಗಳು ಸಾಲುಗಟ್ಟಿವೆ. ‘ರಬ್ಬಿಂಗ್ ಪಾಲಿಷ್ ಹೊಡೆದು ಹೊಸದರ ಹಾಗೆ ಮಾಡಿಕೊಡಿ’ ಎನ್ನುವವರೇ ಹೆಚ್ಚು. ಮನೆಯಲ್ಲೇ ಮಾಡಿಕೊಂಡರಾಯಿತು ಎಂದು ಕಾಂಪೌಂಡ್ ಡಬ್ಬಿ ಒಯ್ಯುವವರೂ ಇದ್ದಾರೆ. ಮನೆಯಲ್ಲಿ ಮಾಡಿಕೊಳ್ಳುವುದು ಒಳ್ಳೆಯದೇ. ಆದರೆ ಕಾಂಪೌಂಡ್, ಪಾಲಿಷ್, ವ್ಯಾಕ್ಸ್ ಮೂರನ್ನೂ ಒಂದೇ ಎಂದುಕೊಂಡು ಕೈಗೆ ಸಿಕ್ಕಿದ್ದನ್ನು ಹಚ್ಚಿ ತಿಕ್ಕುವುದರಿಂದ ಊರಿನ ಎಷ್ಟೋ ಒಳ್ಳೆಯ ಕಾರುಗಳ ಬಣ್ಣ ಹಾಳಾಗುತ್ತಿದೆ. ಕಾಂಪೌಂಡ್ ಮತ್ತು ಪಾಲಿಷ್ ಎರಡೂ ಬಣ್ಣದ ಮೇಲ್ಪದರವನ್ನು ಸವೆಸುವ ವಸ್ತುಗಳು. ಒಂದು ಒರಟು, ಇನ್ನೊಂದು ನಯ, ಅಷ್ಟೇ ವ್ಯತ್ಯಾಸ. ಮೂರರಲ್ಲಿ ಬಣ್ಣವನ್ನು ಕಾಪಾಡುವುದು ವ್ಯಾಕ್ಸ್, ಎಂದರೆ ಮೇಣ, ಮಾತ್ರ. ಇದು ಓದುಗರಿಗೆ ಮುಟ್ಟಲಿ ಎಂದು ಈ ಪತ್ರ.

ಕೈಯಲ್ಲಿರುವ ಈ ಪತ್ರಿಕೆಯ ಒಂದು ಹಾಳೆಯನ್ನು ಎರಡು ಬೆರಳ ನಡುವೆ ಹಿಡಿದು ನೋಡಿ. ಅದರ ದಪ್ಪ ಹೆಚ್ಚುಕಡಿಮೆ 70 ಮೈಕ್ರಾನ್. ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್. ಕಾರಿನ ತಗಡಿನ ಮೇಲೆ ತುಕ್ಕು ತಡೆಯುವ ಲೇಪ, ಪ್ರೈಮರ್, ಬಣ್ಣ, ಅದರ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಲೇಪ, ಹೀಗೆ ನಾಲ್ಕು ಪದರ ಇರುತ್ತವೆ. ನಾಲ್ಕೂ ಸೇರಿದರೂ ಇಂಥ ಒಂದೂವರೆ ಹಾಳೆಯಷ್ಟೇ, ಎಂದರೆ ಸಾಮಾನ್ಯವಾಗಿ 100ರಿಂದ 120 ಮೈಕ್ರಾನ್. ಅದರಲ್ಲಿ ಕ್ಲಿಯರ್ ಕೋಟಿನ ಪಾಲು 35ರಿಂದ 50 ಮೈಕ್ರಾನ್. ಕಣ್ಣಿಗೆ ಕಾಣುವ ಹೊಳಪೆಲ್ಲ ಈ ಅರ್ಧ ಹಾಳೆಯದು. ಬಿಸಿಲಿನ ನೇರಳಾತೀತ ಕಿರಣ ತಡೆದು ಒಳಗಿನ ಬಣ್ಣ ಮಾಸದಂತೆ ನೋಡಿಕೊಳ್ಳುವುದೂ ಇದೇ.

ಮಿಷನ್ ಹಿಡಿದು ಕಾಂಪೌಂಡ್ ಹಾಕಿ ಒಮ್ಮೆ ಗಟ್ಟಿಯಾಗಿ ಕಟಿಂಗ್ ಮಾಡಿದರೆ, ಎಂದರೆ ಮೇಲ್ಪದರ ಸವೆಸಿದರೆ, 2ರಿಂದ 4 ಮೈಕ್ರಾನ್ ಹೋಗುತ್ತದೆ. ದಸರೆಗೊಂದು, ಯುಗಾದಿಗೊಂದು ಎಂದು ವರ್ಷಕ್ಕೆ ಎರಡು ಸಲ ಮಾಡಿಸಿದರೆ, ಸಲಕ್ಕೆ 3 ಮೈಕ್ರಾನಿನಂತೆ ಐದು ವರ್ಷಕ್ಕೆ 30 ಮೈಕ್ರಾನ್. ಇದ್ದದ್ದು 40 ಆದರೆ ಉಳಿಯುವುದು ಹತ್ತು. ಬಿಸಿಲು ನೇರ ಬೀಳುವ ಬಾನೆಟ್ ಮತ್ತು ಟಾಪಿನಲ್ಲಿ ಮೊದಲು ಬಿಳಿಬಿಳಿ ಮಚ್ಚೆ ಕಾಣಿಸುತ್ತದೆ, ಆಮೇಲೆ ಹಕ್ಕಳೆ ಏಳುತ್ತದೆ. ಆ ಹಂತಕ್ಕೆ ಬಂದ ಮೇಲೆ ಯಾವ ಪಾಲಿಷಿನಿಂದಲೂ ಸರಿಹೋಗದು, ಪೇಂಟ್ ಮಾಡಿಸುವುದೊಂದೇ ದಾರಿ.

ಹಾಗಿದ್ದರೆ ಕಾರು ಮಂಕಾಗುವುದೇಕೆ? ರಾತ್ರಿ ಟಾರ್ಚ್ ಅಥವಾ ಮೊಬೈಲಿನ ಲೈಟನ್ನು ಬಾನೆಟ್ಟಿಗೆ ಒಂದಡಿ ದೂರದಲ್ಲಿ ಹಿಡಿಯಿರಿ. ಬೆಳಕಿನ ಸುತ್ತ ಜೇಡರ ಬಲೆಯಂತೆ ಸಾವಿರಾರು ಸಣ್ಣ ಗೀರುಗಳು ಸುತ್ತು ಸುತ್ತಾಗಿ ಹೊಳೆಯುತ್ತವೆ. ಬೆಳಕು ನೇರ ವಾಪಸ್ ಬಾರದೆ ಈ ಗೀರುಗಳಲ್ಲಿ ಚದುರುವುದರಿಂದಲೇ ಬಣ್ಣ ಮಾಸಿದಂತೆ ಕಾಣುವುದು. ಇವನ್ನು ಮಾಡಿದ್ದು ಬಿಸಿಲಲ್ಲ, ಬೆಳಗಿನ ಒಣಬಟ್ಟೆ.

ನಮ್ಮ ಕಡೆಯ ಧೂಳು ಎಂಥದ್ದೆಂದು ಗಮನಿಸಿ. ಚಿತ್ರದುರ್ಗ, ಹಿರಿಯೂರಿನ ಗಾಳಿಯಲ್ಲಿ ಕಲ್ಲಿನ ಪುಡಿ ಇರುತ್ತದೆ. ಕಲ್ಲುಪುಡಿಯಲ್ಲಿರುವ ಬೆಣಚು ಗಾಜಿಗಿಂತ ಗಟ್ಟಿ, ಕ್ಲಿಯರ್ ಕೋಟ್ ಅದಕ್ಕೆ ಯಾವ ಲೆಕ್ಕ. ದಾವಣಗೆರೆಯಲ್ಲಿ ಸುಗ್ಗಿ ಶುರುವಾದರೆ ರಸ್ತೆ ಮೇಲೇ ಮೆಕ್ಕೆಜೋಳ ಹರವುತ್ತಾರೆ, ಸಿಪ್ಪೆ ದೂಳೆಲ್ಲ ಗಾಡಿ ಮೇಲೆ. ಮಂಡಕ್ಕಿ ಭಟ್ಟಿಗಳ ಕಡೆ ಮನೆ ಇರುವವರಿಗೆ ಜಿಡ್ಡು ಮಸಿ ಬೇರೆ. ಇಂಥ ಧೂಳಿನ ಮೇಲೆ ಒಣ ಬಟ್ಟೆಯಲ್ಲಿ ರಪರಪ ಒರೆಸಿದರೆ ಉಪ್ಪುಕಾಗದದಿಂದ ಉಜ್ಜಿದ ಹಾಗೆ. ಗಾಜಿಗೆ ಒಗ್ಗುತ್ತದೆಂದು ಇದೇ ಪತ್ರಿಕೆಯ ಹಾಳೆಯಿಂದ ಬಾಡಿ ಒರೆಸುವವರಿದ್ದಾರೆ, ದಯವಿಟ್ಟು ಬೇಡ. ಹತ್ತಿ ಗಿರಣಿಗಳ ಕಾಲದಿಂದ ಈ ಊರಿನಲ್ಲಿ ರೂಢಿಯಾಗಿರುವ ವೇಸ್ಟ್ ಬಟ್ಟೆ ಇಂಜಿನ್ ಎಣ್ಣೆ ಒರೆಸಲು ಸರಿ, ಬಣ್ಣಕ್ಕಲ್ಲ. ಕೋಳಿಪುಕ್ಕದ ಡಸ್ಟರ್ ಕೂಡ ಗೀರು ಬಿಡುತ್ತದೆ. ಧೂಳಿದ್ದರೆ ನೀರು ಹಾಕಿ, ನೀರಿಲ್ಲದಿದ್ದರೆ ಮುಟ್ಟದೆ ಬಿಡಿ. ಧೂಳು ಸುಮ್ಮನೆ ಕೂತಿದ್ದರೆ ಬಣ್ಣಕ್ಕೆ ಏನೂ ಆಗುವುದಿಲ್ಲ.

ಪಿ.ಜೆ. ಬಡಾವಣೆ, ವಿದ್ಯಾನಗರದಂಥ ಕಡೆ ತಿಂಗಳ ಲೆಕ್ಕದಲ್ಲಿ ಬೆಳಗ್ಗೆ ಕಾರು ಒರೆಸುವವರು ಒಂದು ಬಕೆಟ್ಟು, ಒಂದೇ ಬಟ್ಟೆಯಲ್ಲಿ ಹತ್ತು ಗಾಡಿ ಮುಗಿಸುತ್ತಾರೆ. ಮೊದಲ ಕಾರಿನ ಮರಳು ಹತ್ತನೇ ಕಾರಿನ ಮೇಲೆ ಗೀರಾಗುತ್ತದೆ. ಇದಕ್ಕೆ ಅವರನ್ನು ಬೈದು ಫಲವಿಲ್ಲ. ನಿಮ್ಮದೇ ಎರಡು ಬಕೆಟ್ಟು, ಮೂರು ಮೈಕ್ರೊಫೈಬರ್ ಬಟ್ಟೆ ಕೊಟ್ಟು, ದಿನಾ ಒರೆಸುವುದು ಬೇಡಪ್ಪ, ವಾರಕ್ಕೊಮ್ಮೆ ತೊಳೆದರೆ ಸಾಕು, ಸಂಬಳ ಅಷ್ಟೇ ಕೊಡುತ್ತೇವೆ ಎಂದು ಹೇಳಿ. ಕಾರಿಗೂ ಒಳ್ಳೆಯದು, ಅವರಿಗೂ.

ತೊಳೆಯುವುದು ಸರಿಯಾದರೆ ಅರ್ಧ ಕೆಲಸ ಮುಗಿದಂತೆ. ಬೆಳಗ್ಗೆ ಎಂಟರೊಳಗೆ ಇಲ್ಲವೇ ಸಂಜೆ ಐದರ ಮೇಲೆ, ನೆರಳಿನಲ್ಲಿ, ಬಾನೆಟ್ ಕೈಗೆ ತಣ್ಣಗಿರುವಾಗ ಶುರು ಮಾಡಿ. ಚಕ್ರಗಳನ್ನು ಬೇರೆ ಬ್ರಷ್, ಬೇರೆ ನೀರಿನಲ್ಲಿ ಮೊದಲೇ ಮುಗಿಸಿಬಿಡಿ. ನಂತರ ಬರೀ ನೀರು ಹಾಕಿ ಧೂಳನ್ನು ಆದಷ್ಟು ಇಳಿಸಿ. ಹತ್ತು ಲೀಟರಿನ ಎರಡು ಬಕೆಟ್ ಇರಲಿ. ಒಂದರಲ್ಲಿ ಕಾರ್ ಶಾಂಪೂ ಬಾಟಲಿ ಮೇಲೆ ಹೇಳಿದಷ್ಟೇ ಅಳತೆಯಲ್ಲಿ, ಇನ್ನೊಂದರಲ್ಲಿ ಬರೀ ನೀರು. ಕೈಗವಸಿನಂಥ ಮೈಕ್ರೊಫೈಬರ್ ಮಿಟ್ ಸಿಗುತ್ತದೆ. ಅದನ್ನು ಶಾಂಪೂವಿನಲ್ಲಿ ಅದ್ದಿ ಟಾಪಿನಿಂದ ಕೆಳಕ್ಕೆ ನೇರ ಗೆರೆಯಲ್ಲಿ, ಭಾರ ಹಾಕದೆ ಎಳೆಯಿರಿ. ಒಂದು ಡೋರ್ ಆಯಿತೆಂದರೆ ಮಿಟ್ಟನ್ನು ಬರೀ ನೀರಿನ ಬಕೆಟ್ಟಿನಲ್ಲಿ ಹಿಂಡಿ ಮರಳು ಬಿಡಿಸಿ, ಆಮೇಲೆ ಮತ್ತೆ ಶಾಂಪೂವಿಗೆ. ಸ್ಪಂಜು ಬೇಡ, ಅದರ ಚಪ್ಪಟೆ ಮೈಗೆ ಮರಳು ಅಂಟಿಕೊಂಡು ಕಾರಿನುದ್ದಕ್ಕೂ ಗೀರೆಳೆಯುತ್ತದೆ. ಬಾಗಿಲಿನ ಕೆಳಗಿನ ಅರ್ಧ ಭಾಗ, ಬಂಪರ್ ಇವು ಕೊನೆಗೆ. ಮನೆಯಲ್ಲಿ ಪ್ರೆಶರ್ ಪಂಪ್ ಇದ್ದವರು ನಳಿಕೆಯನ್ನು ಒಂದೂವರೆ ಅಡಿ ದೂರ ಹಿಡಿಯಿರಿ. ಕಲ್ಲೇಟು ಬಿದ್ದು ಬಣ್ಣ ಹಾರಿದ ಜಾಗಕ್ಕೆ ಹತ್ತಿರದಿಂದ ಹೊಡೆದರೆ ಅಂಚಿನಿಂದ ಮತ್ತಷ್ಟು ಎದ್ದು ಬರುತ್ತದೆ.

ಪಾತ್ರೆ ತೊಳೆಯುವ ಸೋಪು, ಬಟ್ಟೆ ಪೌಡರ್ ಹಾಕಿದರೆ ಕೊಳೆಯ ಜೊತೆ ಹಚ್ಚಿದ ವ್ಯಾಕ್ಸೂ ಹೋಗುತ್ತದೆ, ಬಾಗಿಲು, ಗಾಜಿನ ಅಂಚಿನ ರಬ್ಬರ್ ಬೀಡಿಂಗ್ ಒಣಗುತ್ತದೆ. ತೊಳೆದ ಮೇಲೆ ಡೀಸೆಲ್ ಅಥವಾ ಸೀಮೆಎಣ್ಣೆ ಒರೆಸುವ ಅಭ್ಯಾಸ ಇನ್ನೂ ಹೋಗಿಲ್ಲ. ಆ ಹೊಳಪು ಎಣ್ಣೆಯದು, ಬಣ್ಣದ್ದಲ್ಲ. ಅರ್ಧ ದಿನದಲ್ಲಿ ರಸ್ತೆಯ ಧೂಳನ್ನೆಲ್ಲ ಹಿಡಿದು ಕೂರಿಸಿಕೊಳ್ಳುತ್ತದೆ, ಬೀಡಿಂಗ್ ಉಬ್ಬಿಸುತ್ತದೆ. ಡ್ಯಾಶ್‌ಬೋರ್ಡಿಗೆ ಹಚ್ಚುವ ಸಿಲಿಕಾನ್ ಪಾಲಿಷನ್ನು ಬಾಡಿಗೆ ಬಳಿದವರ ಕಾರಿಗೆ ಮುಂದೆ ಪೇಂಟ್ ಮಾಡುವಾಗ ಬಣ್ಣ ಕೂರದೆ ಮೀನಿನ ಕಣ್ಣಿನಂತೆ ಗುಳಿ ಗುಳಿಯಾಗುತ್ತದೆ.

ನೀರಿನ ಬಗ್ಗೆ ಹೇಳದೆ ಇರಲಾಗದು. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಲ್ಲಿ ಬೋರ್‌ವೆಲ್ ನೀರು ಬಹಳ ಕಡೆ ಗಡಸು. ಸುಣ್ಣದ ಅಂಶವಿರುವ ಹನಿ ಬಾನೆಟ್ ಮೇಲೆ ಒಣಗಿದರೆ ಬಿಳಿ ಉಂಗುರ ಉಳಿಯುತ್ತದೆ, ಬಿಸಿಲಿಗೆ ಸಿಕ್ಕರೆ ಬಣ್ಣಕ್ಕೆ ಕಚ್ಚಿಕೊಳ್ಳುತ್ತದೆ. ದಾವಣಗೆರೆಯಲ್ಲಿ ಕುಂದುವಾಡ ಕೆರೆಯಿಂದ ಬರುವ ಭದ್ರಾ ನಾಲೆಯ ನೀರು ಬೋರಿನ ನೀರಿಗಿಂತ ಮೆದು. ಹಾಗೆಂದು ಕುಡಿಯುವ ನೀರನ್ನು ಪೈಪಿನಲ್ಲಿ ಬಿಡಬೇಡಿ. ಪೈಪಿನಲ್ಲಿ ನಿಮಿಷಕ್ಕೆ ಹತ್ತು ಲೀಟರ್ ಲೆಕ್ಕ ಹಿಡಿದರೂ ಕಾಲು ಗಂಟೆಗೆ 150 ಲೀಟರ್; ಬಕೆಟ್ಟಿನಲ್ಲಾದರೆ ಸಣ್ಣ ಕಾರಿಗೆ 40 ಲೀಟರ್ ಸಾಕು. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು ಆದೇಶಿಸಿದ್ದು ನೆನಪಿರಬಹುದು. ಬೋರ್ ನೀರಿನಲ್ಲೇ ತೊಳೆದು, ಕೊನೆಯ ಅರ್ಧ ಬಕೆಟ್ ಮಾತ್ರ ಮೆದು ನೀರು ಅಥವಾ ಹಿಡಿದಿಟ್ಟ ಮಳೆನೀರು ಸುರಿದರೆ ಸಾಕು. ಆರ್‌ಒ ಯಂತ್ರದ ವೇಸ್ಟ್ ನೀರನ್ನು ಕೂಡಿಟ್ಟು ಕಾರು ತೊಳೆಯುವವರು ಬಹಳ. ನೀರುಳಿಸುವ ಮನಸ್ಸು ಒಳ್ಳೆಯದು, ಆದರೆ ಶುದ್ಧ ನೀರು ಒಂದು ಕಡೆ ಹೋಗಿ ಲವಣವೆಲ್ಲ ಸೇರಿಕೊಂಡಿರುವುದು ಆ ವೇಸ್ಟ್ ನೀರಿನಲ್ಲೇ. ಅದನ್ನು ಅಂಗಳಕ್ಕೆ ಹಾಕಿ. ತೊಳೆದ ಕೂಡಲೇ ದಪ್ಪ ಮೈಕ್ರೊಫೈಬರ್ ಟವೆಲ್ ಹಾಸಿ ಮೆಲ್ಲಗೆ ಎಳೆದು ನೀರು ತೆಗೆಯಿರಿ, ತಾನಾಗಿ ಆರಲು ಬಿಡಬೇಡಿ. ಉಂಗುರ ಮೂಡಿಬಿಟ್ಟಿದ್ದರೆ ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ, ತಣ್ಣಗಿರುವ ಪ್ಯಾನೆಲ್ ಮೇಲೆ ಒಂದೆರಡು ನಿಮಿಷ ಬಟ್ಟೆಯಲ್ಲಿ ಇಟ್ಟು ಚೆನ್ನಾಗಿ ತೊಳೆಯಿರಿ. ಅದಕ್ಕೂ ಹೋಗದಿದ್ದರೆ ಬಣ್ಣದೊಳಗೆ ಗುಂಡಿ ಬಿದ್ದಿದೆ ಎಂದರ್ಥ, ಆಗ ಮಾತ್ರ ಪಾಲಿಷಿನ ಮಾತು.

ಒರೆಸಿದ ಮೇಲೆ ತೆಳು ಪ್ಲಾಸ್ಟಿಕ್ ಕವರಿನೊಳಗೆ ಕೈ ಹಾಕಿ ಬಾನೆಟ್ ಮೇಲೆ ಸವರಿ ನೋಡಿ. ಬರಿಗೈಗೆ ನುಣ್ಣಗೆನಿಸಿದ್ದು ಈಗ ರವೆ ಚೆಲ್ಲಿದಂತೆ ತರಿತರಿ ಎನಿಸುತ್ತದೆ. ಬ್ರೇಕಿನಿಂದ, ರೈಲು ಹಳಿಯಿಂದ ಹಾರಿದ ಕಬ್ಬಿಣದ ಕಣ, ಡಾಂಬರಿನ ಚುಕ್ಕೆ, ಮರದ ಅಂಟು ಅಲ್ಲಿ ಕೂತಿರುತ್ತವೆ. ಬಿಳಿ ಕಾರಿನವರು ಸಣ್ಣ ಕಿತ್ತಳೆ ಚುಕ್ಕೆ ಕಂಡು ಬಾಡಿಗೇ ತುಕ್ಕು ಬಂತೆಂದು ಗಾಬರಿಯಾಗುವುದು ಇದನ್ನು ನೋಡಿಯೇ. ಇದಕ್ಕೆ ಕ್ಲೇ ಬಾರ್ ಎಂಬ ಜೇಡಿಯಂಥ ಮುದ್ದೆ ಸಿಗುತ್ತದೆ. ನೂರು ಗ್ರಾಮಿನದನ್ನು ನಾಲ್ಕು ತುಂಡು ಮಾಡಿ, ಒಂದನ್ನು ಚಪಾತಿ ಹಿಟ್ಟಿನಂತೆ ನಾದಿ ಚಪ್ಪಟೆ ಮಾಡಿ. ಶಾಂಪೂ ನೀರು ಧಾರಾಳವಾಗಿ ಚಿಮುಕಿಸಿ, ಬೆರಳಿನ ಭಾರವಷ್ಟೇ ಕೊಟ್ಟು ಹಿಂದೆ ಮುಂದೆ ಜಾರಿಸಿ. ಮೊದಲು ಸರಸರ ಸದ್ದು ಬರುತ್ತದೆ, ಸದ್ದು ನಿಂತರೆ ಆ ಜಾಗ ಮುಗಿಯಿತು. ಮುದ್ದೆಯನ್ನು ಮಡಿಚಿ ಹೊಸ ಮುಖ ತಿರುಗಿಸಿಕೊಳ್ಳುತ್ತಿರಿ. ನೆಲಕ್ಕೆ ಬಿದ್ದರೆ ಎಷ್ಟೇ ಹೊಸದಾಗಿದ್ದರೂ ಎಸೆದುಬಿಡಿ, ಅದಕ್ಕೆ ಹತ್ತಿದ ಮರಳು ಬಿಡುವುದಿಲ್ಲ. ವರ್ಷಕ್ಕೆ ಒಂದು ಸಲ ಸಾಕು.

ಇನ್ನು ಪಾಲಿಷ್. ಬೇಕೋ ಬೇಡವೋ ಎಂದು ಮೊದಲು ತೀರ್ಮಾನಿಸಿ. ಗೀರಿಗೆ ಅಡ್ಡವಾಗಿ ಉಗುರೆಳೆಯಿರಿ. ಉಗುರು ಸಿಕ್ಕಿಕೊಂಡರೆ ಗೀರು ಆಳಕ್ಕಿಳಿದಿದೆ, ತಿಕ್ಕಿ ತೆಗೆಯಲು ಹೋದರೆ ಸುತ್ತಲ ಕ್ಲಿಯರ್ ಕೋಟೂ ಹೋಗುತ್ತದೆ. ಅಂಥದಕ್ಕೆ ಟಚಪ್ ಬಣ್ಣ ಹಾಕಿಸಿ ಸುಮ್ಮನಿರುವುದು ಜಾಣತನ. ಹಳೆಯ ಅಂಬಾಸಿಡರ್, ಮಾರುತಿ 800ರಂಥ ಕ್ಲಿಯರ್ ಕೋಟ್ ಇಲ್ಲದ ಕಾರಿಗೆ ಪಾಲಿಷ್ ಹಚ್ಚಿದಾಗ ಬಟ್ಟೆಗೆ ಬಣ್ಣ ಬಂದರೆ ಹೆದರಬೇಕಿಲ್ಲ, ಮೇಲಿನ ಸತ್ತ ಬಣ್ಣ ಬರುತ್ತಿದೆ. ಕ್ಲಿಯರ್ ಕೋಟ್ ಇರುವ ಕಾರಿನಲ್ಲಿ ಬಟ್ಟೆಗೆ ಬಣ್ಣ ಬಂದರೆ ತಕ್ಷಣ ಕೈ ನಿಲ್ಲಿಸಿ, ಪದರ ತೂತಾಗಿದೆ. ಹೊಳಪಿಲ್ಲದ ಮ್ಯಾಟ್ ಬಣ್ಣದ ಗಾಡಿಗೆ ಪಾಲಿಷೂ ಬೇಡ, ಮಾಮೂಲಿ ವ್ಯಾಕ್ಸೂ ಬೇಡ.

ಕೈಯಿಂದ ಮಾಡುವವರು ನಯವಾದ ಪಾಲಿಷನ್ನೇ ಕೊಳ್ಳಿ, ಕಾಂಪೌಂಡ್ ಬೇಡ. ಒದ್ದೆ ಮಾಡಿ ಹಿಂಡಿದ ಫೋಮ್ ಪ್ಯಾಡಿನ ಮೇಲೆ ಬಟಾಣಿ ಗಾತ್ರದ ಮೂರು ಹನಿ ಹಾಕಿ, ಒಂದೂವರೆ ಅಡಿ ಚೌಕದಲ್ಲಿ ಮೊದಲು ಅಡ್ಡ, ಆಮೇಲೆ ಉದ್ದ ತಿಕ್ಕಿ. ಗೀರು ಪೂರ್ತಿ ಹೋಗುವುದಿಲ್ಲ, ಮುಕ್ಕಾಲು ಮಂಕು ಹೋಗುತ್ತದೆ, ಮನೆಗೆ ಅಷ್ಟು ಸಾಕು. ಮಿಷನ್ ತರುವುದಾದರೆ ಡ್ಯುಯಲ್ ಆಕ್ಷನ್ ಎಂಬ, ಸುತ್ತುತ್ತಲೇ ಅಲುಗುವ ಮಿಷನ್ ತನ್ನಿ. ಒಂದೇ ಕಡೆ ಗಿರಗಿರ ತಿರುಗುವ ರೋಟರಿ ಮಿಷನ್ನು ಪಳಗಿದ ಕೈಗಷ್ಟೇ. ಅದು ಒಂದೇ ಜಾಗದಲ್ಲಿ ಎರಡು ಮೂರು ಸೆಕೆಂಡು ನಿಂತರೂ ಬಣ್ಣ ಬಿಸಿಯಾಗುತ್ತದೆ, ಅಂಚಿನಲ್ಲಾದರೆ ಸುಟ್ಟು ಪ್ರೈಮರ್ ಕಾಣುತ್ತದೆ. ಬಾನೆಟ್ ಏಣು, ಡೋರಿನ ಗೆರೆ, ಬಂಪರ್ ಮೂಲೆಗಳಲ್ಲಿ ಬಣ್ಣ ಎಲ್ಲಕ್ಕಿಂತ ತೆಳು. ಅಲ್ಲಿಗೆಲ್ಲ, ಕಪ್ಪು ಪ್ಲಾಸ್ಟಿಕ್ಕಿಗೂ, ಮೊದಲೇ ಮಾಸ್ಕಿಂಗ್ ಟೇಪ್ ಹಚ್ಚಿಬಿಡಿ.

ಡ್ಯುಯಲ್ ಆಕ್ಷನ್ ಮಿಷನ್ನಿನಲ್ಲಿ ಎರಡಡಿ ಚೌಕ ಹಿಡಿಯಿರಿ. ಐದು ಇಂಚಿನ ಪ್ಯಾಡಿಗೆ ನಾಲ್ಕು ಹನಿ. ಪ್ಯಾಡನ್ನು ಬಣ್ಣಕ್ಕೆ ಮುಟ್ಟಿಸಿಯೇ ಸ್ವಿಚ್ ಹಾಕಿ, ಗಾಳಿಯಲ್ಲಿ ಹಾಕಿದರೆ ಪಾಲಿಷ್ ಗೋಡೆಗೆಲ್ಲ ಸಿಡಿಯುತ್ತದೆ. ಒಂದನೇ ವೇಗದಲ್ಲಿ ಸವರಿ, ನಾಲ್ಕಕ್ಕೆ ಏರಿಸಿ, ಸೆಕೆಂಡಿಗೆ ಒಂದಿಂಚಿನಷ್ಟು ನಿಧಾನಕ್ಕೆ, ಹೋದ ಸಾಲಿನ ಅರ್ಧದ ಮೇಲೆ ಬರುವಂತೆ ನಾಲ್ಕು ಸುತ್ತು ಅಡ್ಡ, ಉದ್ದ. ಪ್ಯಾಡ್ ತಿರುಗುವುದು ನಿಂತು ಬರೀ ನಡುಗುತ್ತಿದ್ದರೆ ಭಾರ ಹೆಚ್ಚಾಯಿತು ಎಂದು ತಿಳಿಯಿರಿ. ಎರಡು ಪ್ಯಾನೆಲ್ಲಿಗೊಮ್ಮೆ ಪ್ಯಾಡನ್ನು ಬ್ರಷ್ಷಿನಿಂದ ಕೊಡವದಿದ್ದರೆ ಸತ್ತ ಬಣ್ಣ ಗಟ್ಟಿಯಾಗಿ ಹೊಸ ಗೀರು ಬೀಳುತ್ತದೆ. ಮೊದಲ ಚೌಕ ಮುಗಿದ ಮೇಲೆ ಉಳಿದ ಕಾರಿಗೆ ಕೈ ಹಾಕುವ ಮುನ್ನ ಒಂದು ಪರೀಕ್ಷೆ ಮಾಡಿ. ಮೆಡಿಕಲ್ ಅಂಗಡಿಯ ಐಸೊಪ್ರೊಪೈಲ್ ಆಲ್ಕೊಹಾಲ್ ಒಂದು ಪಾಲು, ನೀರು ನಾಲ್ಕು ಪಾಲು ಬೆರೆಸಿ ಚಿಮುಕಿಸಿ ಒರೆಸಿ ಟಾರ್ಚ್ ಹಿಡಿಯಿರಿ. ಪಾಲಿಷಿನ ಎಣ್ಣೆ ಹೋಗಿ ನಿಜ ಸ್ಥಿತಿ ಕಾಣುತ್ತದೆ. ಕಡಿಮೆ ದುಡ್ಡಿನ ‘ರಬ್ಬಿಂಗ್’ಗಳಲ್ಲಿ ಈ ಎಣ್ಣೆಯೇ ಗೀರು ತುಂಬಿ ಮುಚ್ಚಿರುತ್ತದೆ. ಎರಡು ಸಲ ತೊಳೆದ ಮೇಲೆ ಎಲ್ಲ ವಾಪಸ್ ಕಾಣಿಸಿದಾಗ ಜನ ಮತ್ತೆ ರಬ್ಬಿಂಗಿಗೆ ಹೋಗುತ್ತಾರೆ, ಮತ್ತೆ ಮೂರು ಮೈಕ್ರಾನ್ ಹೋಗುತ್ತದೆ. ನಮಗೆ ನಿಜಕ್ಕೂ ಸಂಕಟವಾಗುವುದು ಇಲ್ಲಿ.

ಚೆನ್ನಾಗಿ ತೊಳೆಯುವ ಮನೆಯ ಕಾರಿಗೆ ಎರಡು ಮೂರು ವರ್ಷಕ್ಕೊಮ್ಮೆ ನಯ ಪಾಲಿಷ್ ಆದರೆ ಬೇಕಾದಷ್ಟಾಯಿತು.

ವ್ಯಾಕ್ಸ್ ಮಾತ್ರ ಜಿಪುಣತನ ಮಾಡದೆ ಹಚ್ಚುತ್ತಿರಿ. ಜಿಪುಣತನ ಬೇಕಿರುವುದು ದಪ್ಪದಲ್ಲಿ. ಕಾರ್ನೂಬಾ ಎಂಬುದು ಬ್ರೆಜಿಲ್ ದೇಶದ ಒಂದು ತಾಳೆ ಜಾತಿಯ ಎಲೆಯಿಂದ ತೆಗೆಯುವ ಮೇಣ, ಗಿಡಮೂಲದ ಮೇಣಗಳಲ್ಲೇ ಗಟ್ಟಿ, ಕರಗಲು 80 ಡಿಗ್ರಿ ದಾಟಬೇಕು. ಆದರೂ ನಮ್ಮ ಏಪ್ರಿಲ್ ಬಿಸಿಲಿನಲ್ಲಿ ನಿಂತ ಕಪ್ಪು ಕಾರಿನ ಮೇಲೆ ಅದು ಆರು ವಾರಕ್ಕಿಂತ ಹೆಚ್ಚು ನಿಲ್ಲುವುದು ಕಷ್ಟ. ಸೀಲಂಟ್ ಎಂದು ಮಾರುವ ಕೃತಕ ವ್ಯಾಕ್ಸ್ ನಾಲ್ಕರಿಂದ ಆರು ತಿಂಗಳು ಬರುತ್ತದೆ. ಬಯಲಲ್ಲಿ ನಿಲ್ಲಿಸುವವರಿಗೆ ಅದೇ ಸೂಕ್ತ. ಫೋಮ್ ಪ್ಯಾಡಿಗೆ ಸ್ವಲ್ಪವೇ ತೆಗೆದುಕೊಂಡು, ಬಣ್ಣದ ಮೇಲೆ ಬಾಯಾವಿ ಬಿಟ್ಟಂತೆ ತೆಳ್ಳಗೆ ಕಾಣುವಷ್ಟು ಸವರಿ. ಬಿಳಿಯಾಗಿ ಬಳಿದುಕೊಂಡರೆ ಹೆಚ್ಚಾಯಿತು. ಹೆಚ್ಚಿನದ್ದು ಬಟ್ಟೆಗೆ ಬರುತ್ತದೆ ಅಷ್ಟೇ, ಬಣ್ಣದ ಮೇಲೆ ನಿಲ್ಲುವುದಿಲ್ಲ. ಹತ್ತು ನಿಮಿಷ ಬಿಟ್ಟು ಬೆರಳ ತುದಿಯಿಂದ ಒಂದು ಗೆರೆ ಎಳೆಯಿರಿ. ಅಂಟದೆ, ಮುದ್ದೆಯಾಗದೆ ಗೆರೆ ಸ್ವಚ್ಛ ಬಂದರೆ ಮೈಕ್ರೊಫೈಬರಿನಿಂದ ಒರೆಸಿ, ಬಟ್ಟೆಯನ್ನು ತಿರುವುತ್ತಾ ಇನ್ನೊಮ್ಮೆ ಒರೆಸಿ. ಬಿಸಿಲಿಗೆ ಸಿಕ್ಕು ವ್ಯಾಕ್ಸ್ ಗಟ್ಟಿಯಾಗಿ ಹಿಡಿದುಕೊಂಡಿದ್ದರೆ ಕೆರೆಯಬೇಡಿ. ಅದೇ ವ್ಯಾಕ್ಸನ್ನು ಅದರ ಮೇಲೆ ಮತ್ತಷ್ಟು ಸವರಿದರೆ ಹಳೆಯದು ಮೆತ್ತಗಾಗಿ ಬರುತ್ತದೆ. ಹೊಸದಾಗಿ ಪೇಂಟ್ ಮಾಡಿಸಿದ ಪ್ಯಾನೆಲ್ಲಿಗೆ ಕನಿಷ್ಠ 30 ದಿನ, ಸಾಧ್ಯವಾದರೆ 60 ದಿನ ವ್ಯಾಕ್ಸ್ ಬೇಡ, ಒಳಗಿನ ತಿನ್ನರ್ ಪೂರ್ತಿ ಆರಿ ಹೋಗಬೇಕು. ತೊಳೆದಾಗ ನೀರು ಮುತ್ತಿನಂತೆ ನಿಲ್ಲದೆ ಹಾಳೆಯಾಗಿ ಹರಡಿಕೊಂಡರೆ ವ್ಯಾಕ್ಸ್ ಮುಗಿದಿದೆ ಎಂದು ಮತ್ತೆ ಹಚ್ಚಿ. ಮೈಕ್ರೊಫೈಬರ್ ಬಟ್ಟೆಗಳನ್ನು ಹತ್ತಿ ಬಟ್ಟೆಯ ಜೊತೆ ಒಗೆಯಬೇಡಿ, ಕಂಡಿಷನರ್ ಹಾಕಬೇಡಿ, ನೆರಳಲ್ಲಿ ಒಣಗಿಸಿ.

ಹಕ್ಕಿ ಹಿಕ್ಕೆಯ ಮುಂದೆ ಯಾವ ವ್ಯಾಕ್ಸೂ ಹೆಚ್ಚು ಹೊತ್ತು ತಡೆಯದು. ಅದರಲ್ಲಿ ಯೂರಿಕ್ ಆಮ್ಲವಿದೆ, ಬಿಸಿಲಿಗೆ ಕಾದ ಕ್ಲಿಯರ್ ಕೋಟ್ ಮೆತ್ತಗಾಗಿದ್ದಾಗ ಕೆಲವೇ ಗಂಟೆಯಲ್ಲಿ ಗುರುತು ಬೀಳುತ್ತದೆ. ಒದ್ದೆ ಬಟ್ಟೆಯನ್ನು ಐದು ನಿಮಿಷ ಅದರ ಮೇಲೆ ಇಟ್ಟು, ನೆನೆದ ಮೇಲೆ ಎತ್ತಿಕೊಳ್ಳಿ, ಒಣಗಿದ್ದನ್ನು ಉಜ್ಜಬೇಡಿ. ಹೊಂಗೆ, ಬೇವಿನ ನೆರಳು ತಂಪೇ, ಆದರೆ ಜಿಗುಟು ಹನಿ ಬೀಳುವ ತಿಂಗಳುಗಳಲ್ಲಿ ಅದರಡಿ ನಿಲ್ಲಿಸಿದರೆ ಅದೇ ದಿನ ತೊಳೆಯಬೇಕು. ಧೂಳು ಹಿಡಿದ ಕಾರಿಗೆ ಕವರ್ ಹಾಕುವುದು ಚಿತ್ರದುರ್ಗದಂಥ ಗಾಳಿಯೂರಿನಲ್ಲಿ ದೊಡ್ಡ ತಪ್ಪು. ಜೋಗಿಮಟ್ಟಿ ಕಡೆಯ ಗಾಳಿಗೆ ಕವರ್ ರಾತ್ರಿಯಿಡೀ ಪಟಪಟ ಬಡಿದು ಮೂಲೆಗಳಲ್ಲಿ ಬಣ್ಣ ಸವೆಯುತ್ತದೆ. ಸೆರಾಮಿಕ್ ಕೋಟಿಂಗ್ ಒಳ್ಳೆಯದೇ, ಆದರೆ ಅದರ ದಪ್ಪ ಒಂದೆರಡು ಮೈಕ್ರಾನ್ ಮಾತ್ರ. ಹೆದ್ದಾರಿ 48ರಲ್ಲಿ ಲಾರಿ ಹಿಂದಿನಿಂದ ಹಾರುವ ಕಲ್ಲನ್ನು ಅದು ತಡೆಯುವುದಿಲ್ಲ. ಅದಕ್ಕೆ 150 ಮೈಕ್ರಾನ್ ಮೇಲ್ಪಟ್ಟ ಪಾರದರ್ಶಕ ಫಿಲ್ಮೇ ಬೇಕು.

ಪೂಜೆಗೆ ಬರೋಣ. ಹಿಂದಿನ ದಿನ ವ್ಯಾಕ್ಸ್ ಹಚ್ಚಿಟ್ಟರೆ ಅರಿಶಿನ ಕುಂಕುಮ ಸಲೀಸಾಗಿ ಬಿಡುತ್ತದೆ. ವಿಭೂತಿ, ಗಂಧವನ್ನು ಗಾಜಿಗೆ, ನಂಬರ್ ಪ್ಲೇಟಿಗೆ ಹಚ್ಚಿದರೂ ಪೂಜೆ ಪೂಜೆಯೇ. ಬಾನೆಟ್ ಮೇಲೆ ನಿಂಬೆಹಣ್ಣು ಕುಯ್ದು ಇಡಬೇಡಿ, ರಸದ ಹುಳಿ ಬಿಸಿಲಲ್ಲಿ ಕಲೆ ಬಿಡುತ್ತದೆ. ತೆಂಗಿನಕಾಯಿಯನ್ನು ಬಂಪರಿಗೆ ಎರಡು ಮೊಳ ದೂರದಲ್ಲಿ ಒಡೆಯಿರಿ. ಮರುದಿನ ಬೆಳಗ್ಗೆ ನೀರು ಹಾಕಿ ನೆನೆಸಿ ತೊಳೆಯಿರಿ, ಕುಂಕುಮದ ಪುಡಿಯನ್ನು ಒಣಗಿದ್ದಾಗ ಉಜ್ಜಬೇಡಿ. ಬಿಳಿ ಕಾರಿನ ಮೇಲೆ ಅರಿಶಿನದ ಛಾಯೆ ಉಳಿದರೂ ಕಾಂಪೌಂಡ್ ಹುಡುಕಬೇಡಿ. ಅರಿಶಿನದ ಬಣ್ಣ ಬಿಸಿಲಿಗೆ ಮಾಸುವಂಥದ್ದು, ಕೆಲವು ದಿನದಲ್ಲಿ ತಾನೇ ತಿಳಿಯಾಗುತ್ತದೆ.

ವಾಟರ್ ವಾಶ್ ಅಂಗಡಿಯವರಲ್ಲೂ ಒಂದು ಬೇಡಿಕೆ. ದರಪಟ್ಟಿಯಲ್ಲಿ ‘ಪಾಲಿಷ್’ ಎಂದಷ್ಟೇ ಬರೆಯದೆ, ಹಾಕುವುದು ಕಾಂಪೌಂಡೋ, ನಯ ಪಾಲಿಷೋ, ವ್ಯಾಕ್ಸೋ ಎಂದು ಬರೆಯಿರಿ. ಗಿರಾಕಿ ಕೇಳಿದರೆ ಡಬ್ಬಿ ತೋರಿಸಿ. ಬಣ್ಣದ ದಪ್ಪ ಅಳೆಯುವ ಮೀಟರ್ ಇರುವ ಅಂಗಡಿಯವರು ಕಟಿಂಗಿಗೆ ಮುಂಚೆ ಬಾನೆಟ್ಟಿನ ನಾಲ್ಕು ಕಡೆ ಅಳೆದು, ಗಾಡಿ ಯಜಮಾನರಿಗೆ ಅಂಕಿ ತೋರಿಸಿಯೇ ಮಿಷನ್ ಹಿಡಿಯಲಿ.

— ಕಾರು ಟಿಂಕರಿಂಗ್ ಮತ್ತು ಪೇಂಟಿಂಗ್ ಕೆಲಸದವರು, ದಾವಣಗೆರೆ